ಕಾನೂನಿನ ಕ್ರಮ ತಪ್ಪದೆ ನಡೆದ ಅನ್ಯಾಯ: ಸ್ಕಾಟ್ಸ್‌ಬರೋ ವಿಚಾರಣೆಗಳು

ಗುಂಪೊಂದು ವಿಚಾರಣೆಯಿಲ್ಲದೆ ಒಬ್ಬನನ್ನು ಹಿಡಿದು ಕೊಂದರೆ ಅದನ್ನು ಅನ್ಯಾಯವೆಂದು ಕರೆಯಲು ಯಾರೂ ಹಿಂಜರಿಯುವುದಿಲ್ಲ. ಆದರೆ ನ್ಯಾಯಾಧೀಶರು ಪೀಠದಲ್ಲಿ ಕುಳಿತು, ಆರೋಪವನ್ನು ಓದಿಸಿ, ಸಾಕ್ಷಿಗಳಿಂದ ಪ್ರಮಾಣ ಮಾಡಿಸಿ, ಆರೋಪಿಯ ಪರವಾಗಿ ವಕೀಲರೊಬ್ಬರು ಹಾಜರಿದ್ದಾರೆಂದು ದಾಖಲಿಸಿ, ಸಾಮಾನ್ಯ ನಾಗರಿಕರಿಂದ ಆರಿಸಿದ ಹನ್ನೆರಡು ಜನರ ಜೂರಿ ಒಮ್ಮತದಿಂದ ತೀರ್ಮಾನ ಹೇಳಿದ ಮೇಲೆ ಆಗುವ ಅನ್ಯಾಯವನ್ನು ಎಲ್ಲಿ ಹಿಡಿದು ತೋರಿಸುವುದು? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ನ್ಯಾಯಾಲಯಗಳಲ್ಲಿ ಆದ ಅನ್ಯಾಯ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಅದನ್ನು ಅರಿಯಲು ಜನಾಂಗದ್ವೇಷ ಎಂಬ ಒಂದೇ ಪದ ಸಾಲುವುದಿಲ್ಲ. ಆ ದ್ವೇಷ ವಿಚಾರಣೆಯ ಯಾವ ಯಾವ ಹಂತದಲ್ಲಿ, ಯಾವ ನಿಯಮದ ಆಸರೆಯಲ್ಲಿ ಕೆಲಸ ಮಾಡಿತು ಎಂಬುದನ್ನು ನೋಡಬೇಕಾಗುತ್ತದೆ. ಅದಕ್ಕೆ 1931ರಲ್ಲಿ ಅಲಬಾಮಾ ರಾಜ್ಯದ ಸ್ಕಾಟ್ಸ್‌ಬರೋ ಎಂಬ ಸಣ್ಣ ಪಟ್ಟಣದಲ್ಲಿ ಆರಂಭವಾದ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಏಕೆಂದರೆ ಅಲ್ಲಿ ಪ್ರತಿಯೊಂದು ಹಂತವೂ ದಾಖಲೆಯಲ್ಲಿ ಉಳಿದಿದೆ.

1931ರ ಮಾರ್ಚ್ 25ರಂದು ಟೆನೆಸಿ ರಾಜ್ಯದ ಚಟ್ಟನೂಗಾದಿಂದ ಮೆಂಫಿಸ್ ಕಡೆಗೆ ಹೊರಟ ಗೂಡ್ಸ್ ರೈಲು ಅಲಬಾಮಾದ ಉತ್ತರದ ಅಂಚನ್ನು ಹಾದು ಸಾಗುತ್ತಿತ್ತು. ಅವು ಆರ್ಥಿಕ ಮಹಾಕುಸಿತದ ದಿನಗಳು. ಕೂಲಿ ಹುಡುಕಿಕೊಂಡು ಊರಿಂದೂರಿಗೆ ಅಲೆಯುವ ಬಡವರು, ಬಿಳಿಯರಾಗಲಿ ಕಪ್ಪು ಜನರಾಗಲಿ, ಟಿಕೆಟ್ಟಿಲ್ಲದೆ ಗೂಡ್ಸ್ ಬಂಡಿಗಳನ್ನು ಹತ್ತಿಕೊಳ್ಳುವುದು ಮಾಮೂಲಾಗಿತ್ತು. ದಾರಿಯಲ್ಲಿ ಬಿಳಿಯ ಹುಡುಗರಿಗೂ ಕಪ್ಪು ಹುಡುಗರಿಗೂ ಜಗಳ ಹತ್ತಿ, ಬಿಳಿಯ ಹುಡುಗರಲ್ಲಿ ಹೆಚ್ಚಿನವರು ರೈಲಿನಿಂದ ಕೆಳಗಿಳಿಯಬೇಕಾಯಿತು. ಅವರು ಹತ್ತಿರದ ಸ್ಟೇಷನ್ನಿಗೆ ಹೋಗಿ ದೂರಿದರು. ಮುಂದಿನ ಪೇಂಟ್ ರಾಕ್ ಎಂಬಲ್ಲಿ ಬಂದೂಕು ಹಿಡಿದ ಜನ ರೈಲನ್ನು ತಡೆದು, ಬೇರೆ ಬೇರೆ ಬಂಡಿಗಳಲ್ಲಿದ್ದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ ಕಟ್ಟಿಹಾಕಿದರು. ಇವರಲ್ಲಿ ಹೇವುಡ್ ಪ್ಯಾಟರ್ಸನ್, ಯೂಜಿನ್ ವಿಲಿಯಮ್ಸ್ ಮತ್ತು ಅಣ್ಣತಮ್ಮಂದಿರಾದ ಆಂಡಿ ರೈಟ್, ರಾಯ್ ರೈಟ್ ಚಟ್ಟನೂಗಾದವರಾಗಿದ್ದು ಪರಸ್ಪರ ಪರಿಚಿತರು. ಉಳಿದ ಐವರು, ಅಂದರೆ ಕ್ಲಾರೆನ್ಸ್ ನಾರಿಸ್, ಚಾರ್ಲಿ ವೀಮ್ಸ್, ಓಜಿ ಪೊವೆಲ್, ಓಲೆನ್ ಮಾಂಟ್‌ಗೊಮೆರಿ ಮತ್ತು ವಿಲ್ಲಿ ರಾಬರ್ಸನ್, ಜಾರ್ಜಿಯಾ ಕಡೆಯವರು. ಎಲ್ಲರಿಗಿಂತ ಚಿಕ್ಕವನು ಹದಿಮೂರರ ಆಸುಪಾಸಿನವನು. ಹಿರಿಯನೂ ಇಪ್ಪತ್ತನ್ನು ದಾಟಿರಲಿಲ್ಲ. ಮಾಂಟ್‌ಗೊಮೆರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ರಾಬರ್ಸನ್ ಉಲ್ಬಣಗೊಂಡ ಗುಹ್ಯರೋಗದಿಂದ ಕೋಲೂರಿ ನಡೆಯುವ ಸ್ಥಿತಿಯಲ್ಲಿದ್ದ.

ಆ ರೈಲಿನಲ್ಲಿ ಇಬ್ಬರು ಬಿಳಿಯ ಯುವತಿಯರೂ ಇದ್ದರು. ವಿಕ್ಟೋರಿಯಾ ಪ್ರೈಸ್ ಮತ್ತು ರೂಬಿ ಬೇಟ್ಸ್ ಹಂಟ್ಸ್‌ವಿಲ್‌ನ ಬಟ್ಟೆ ಗಿರಣಿಯ ಕಾರ್ಮಿಕರು. ಗಿರಣಿಯಲ್ಲಿ ಕೆಲಸವೂ ಕೂಲಿಯೂ ಕುಗ್ಗಿದ್ದರಿಂದ ಅವರೂ ಹೀಗೆಯೇ ಹೊರಟಿದ್ದರು. ಅಲೆಮಾರಿತನದ ಹೆಸರಿನಲ್ಲಿ ಅವರನ್ನೂ ಬಂಧಿಸಬಹುದಿತ್ತು. ರಾಜ್ಯದ ಗಡಿ ದಾಟಿ ಗಂಡಸರೊಡನೆ ತಿರುಗಿದ್ದಕ್ಕೆ ಇನ್ನೂ ದೊಡ್ಡ ಆರೋಪ ಹೊರಿಸಲೂ ಅವಕಾಶವಿತ್ತು. ಈ ಸಂದರ್ಭದಲ್ಲಿ, ಕಪ್ಪು ಹುಡುಗರು ತಮ್ಮ ಮೇಲೆ ಅತ್ಯಾಚಾರ ಮಾಡಿದರೆಂಬ ಮಾತು ಅವರಿಂದ ಬಂತು. ಬಿಳಿಯ ಹೆಣ್ಣೊಬ್ಬಳು ಕಪ್ಪು ಗಂಡಸಿನ ಮೇಲೆ ಇಂಥ ಮಾತು ಆಡಿದ ಕ್ಷಣದಿಂದ ಅವಳು ಬಡವಳೋ ಅಲೆಮಾರಿಯೋ ಎಂದು ಕೇಳುವವರೇ ಇರಲಿಲ್ಲ. ಇಡೀ ದಕ್ಷಿಣದ ಮಾನ ಅವಳ ಬೆನ್ನಿಗೆ ನಿಲ್ಲುತ್ತಿತ್ತು. ಅವರನ್ನು ಸುಳ್ಳುಗಾರ್ತಿಯರೆಂದು ಬೈದು ಮುಗಿಸುವುದು ಸುಲಭ. ಆದರೆ ಯಾರ ಸುಳ್ಳು ಎಷ್ಟು ಬೇಗ ಸತ್ಯವಾಗುತ್ತದೆ ಎಂಬುದು ಹೇಳುವವರ ಕೈಯಲ್ಲಿರುವುದಕ್ಕಿಂತ ಕೇಳುವವರ ಕೈಯಲ್ಲಿರುತ್ತದೆ.

ಆ ರಾತ್ರಿ ಸ್ಕಾಟ್ಸ್‌ಬರೋ ಜೈಲಿನ ಮುಂದೆ ಜನ ಸೇರಿದರು. ಆರೋಪಿಗಳನ್ನು ತಮ್ಮ ಕೈಗೆ ಕೊಡುವಂತೆ ಕೇಳಿದರು. ಷೆರಿಫ್ ಒಪ್ಪಲಿಲ್ಲ, ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನು ಕಳುಹಿಸಿದರು. ಹಾಗಾಗಿ ಕೊಲೆ ನಡೆಯಲಿಲ್ಲ, ವಿಚಾರಣೆ ನಡೆಯಿತು. ಅಲಬಾಮಾದ ಅನೇಕ ಪತ್ರಿಕೆಗಳು ಇದನ್ನೇ ತಮ್ಮ ರಾಜ್ಯದ ಸಂಯಮಕ್ಕೆ ಸಾಕ್ಷಿಯೆಂದು ಹೊಗಳಿಕೊಂಡವು. ಜನರು ತಾಳ್ಮೆಯಿಂದ ಕಾದರೆ ಗುಂಪು ಬಯಸಿದ್ದನ್ನೇ ನ್ಯಾಯಾಲಯ ಬೇಗನೆ ಕೊಡುತ್ತದೆ ಎಂಬ ಭರವಸೆ ಆ ಹೊಗಳಿಕೆಯ ಒಳಗಿತ್ತು. ಪ್ರಕರಣದ ಉಳಿದ ಭಾಗವನ್ನು ಈ ಭರವಸೆಯನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಬಂಧನವಾದ ಹನ್ನೆರಡನೆಯ ದಿನ, ಏಪ್ರಿಲ್ 6ರಂದು, ನ್ಯಾಯಾಧೀಶ ಎ. ಇ. ಹಾಕಿನ್ಸ್ ಅವರ ಮುಂದೆ ವಿಚಾರಣೆ ಶುರುವಾಯಿತು. ಹೊರಗೆ ಸಾವಿರಾರು ಜನ, ಸುತ್ತ ಬಂದೂಕು ಹಿಡಿದ ಸೈನಿಕರು. ಆರೋಪಿಗಳ ಪರವಾಗಿ ಯಾರಿದ್ದರು? ಆರೋಪವನ್ನು ಓದಿ ಹೇಳಿದ ದಿನ ನ್ಯಾಯಾಧೀಶರು ಊರಿನ ವಕೀಲರೆಲ್ಲರನ್ನೂ ಒಟ್ಟಾಗಿ ಅವರ ಪರವಾಗಿ ನೇಮಿಸಿದ್ದರು. ಎಲ್ಲರಿಗೂ ಒಪ್ಪಿಸಿದ ಕೆಲಸ ಯಾರ ಕೆಲಸವೂ ಆಗುವುದಿಲ್ಲವೆಂಬುದು ನಮ್ಮ ಊರ ಪಂಚಾಯಿತಿಗಳಿಗೂ ಗೊತ್ತಿರುವ ಸಂಗತಿ. ವಿಚಾರಣೆಯ ಬೆಳಿಗ್ಗೆ ಚಟ್ಟನೂಗಾದಿಂದ ಸ್ಟೀಫನ್ ರಾಡಿ ಎಂಬ ವಕೀಲರು ಬಂದು ನಿಂತರು. ಅವರು ಆಸ್ತಿ ವ್ಯವಹಾರಗಳ ವಕೀಲರು. ತನ್ನನ್ನು ಈ ಪ್ರಕರಣಕ್ಕೆ ವಿಧಿವತ್ತಾಗಿ ನೇಮಿಸಿಕೊಂಡಿಲ್ಲ, ಸಿದ್ಧತೆ ಮಾಡಿಕೊಳ್ಳಲು ಅವಕಾಶ ಸಿಕ್ಕಿಲ್ಲ, ಅಲಬಾಮಾದ ನ್ಯಾಯಾಲಯದ ಕ್ರಮವೂ ತನಗೆ ತಿಳಿಯದು ಎಂದು ಅವರೇ ಪೀಠದ ಮುಂದೆ ಹೇಳಿದರು. ಸ್ಥಳೀಯ ವಕೀಲರ ಪೈಕಿ ವಯಸ್ಸಾದ ಮೈಲೊ ಮೂಡಿ ಅವರ ನೆರವಿಗೆ ನಿಲ್ಲಲು ಒಪ್ಪಿದರು. ಕಕ್ಷಿದಾರರೊಡನೆ ಮಾತಾಡಲು ಸಿಕ್ಕ ಸಮಯ ಅರ್ಧ ಗಂಟೆಯನ್ನೂ ಮುಟ್ಟಲಿಲ್ಲ. ದೋಷಿಗಳೆಂದು ತೀರ್ಮಾನವಾದರೆ ವಿದ್ಯುತ್ ಕುರ್ಚಿ ಕಾದಿರುವ ಪ್ರಕರಣವಿದು.

ಒಂಬತ್ತು ಮಂದಿಯನ್ನು ನಾಲ್ಕು ವಿಚಾರಣೆಗಳಾಗಿ ವಿಂಗಡಿಸಲಾಯಿತು. ಒಂದೊಂದೂ ಒಂದು ದಿನದೊಳಗೆ ಮುಗಿಯುವಂಥದು. ಜೂರಿಯಲ್ಲಿ ಬಿಳಿಯ ಗಂಡಸರಷ್ಟೇ ಇದ್ದರು. ಮೊದಲ ತೀರ್ಪು ಬಂದಾಗ ಹೊರಗಿನ ಜನ ಹಾಕಿದ ಕೇಕೆ ಎರಡನೆಯ ಪ್ರಕರಣ ಕೇಳುತ್ತಿದ್ದ ಜೂರಿಯ ಕಿವಿಗೂ ಬಿದ್ದಿತ್ತು. ನಾರಿಸ್, ಪ್ಯಾಟರ್ಸನ್ ಮತ್ತು ರಾಯ್ ರೈಟ್ ಕಟಕಟೆಯಲ್ಲಿ ನಿಂತು, ತಾವು ತಪ್ಪು ಮಾಡಿಲ್ಲ, ಉಳಿದವರು ಮಾಡಿದ್ದನ್ನು ಕಂಡೆವು ಎಂಬರ್ಥದ ಮಾತು ಆಡಿದರು. ಹಿಂದಿನ ರಾತ್ರಿ ಹೊಡೆದು ಹೆದರಿಸಿ ಆ ಮಾತು ಹೊರಡಿಸಿದರೆಂದು ನಾರಿಸ್ ಮುಂದೆ ಹೇಳಿದ. ಪರಸ್ಪರ ಹಿತ ವಿರುದ್ಧವಾಗಿರುವ ಒಂಬತ್ತು ಆರೋಪಿಗಳಿಗೆ ಸಿದ್ಧತೆಯಿಲ್ಲದ ಇಬ್ಬರೇ ವಕೀಲರಿದ್ದರೆ ಏನಾಗುತ್ತದೋ ಅದೇ ಆಯಿತು: ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವ ಸಾಕ್ಷಿಗಳಾದರು. ವಕೀಲರು ಅಂತಿಮ ವಾದವನ್ನೇ ಮಂಡಿಸಲಿಲ್ಲ. ಏಪ್ರಿಲ್ 9ರ ಹೊತ್ತಿಗೆ ಎಂಟು ಮಂದಿಗೆ ಮರಣದಂಡನೆಯಾಗಿತ್ತು. ರಾಯ್ ರೈಟ್ ಚಿಕ್ಕವನೆಂದು ಸರ್ಕಾರಿ ವಕೀಲರೇ ಜೀವಾವಧಿ ಶಿಕ್ಷೆ ಸಾಕೆಂದಿದ್ದರು. ಜೂರಿಯಲ್ಲಿ ಹಲವರು ಅವನಿಗೂ ಮರಣವೇ ಬೇಕೆಂದು ಪಟ್ಟು ಹಿಡಿದದ್ದರಿಂದ ಒಮ್ಮತ ಬರದೆ ಆ ವಿಚಾರಣೆ ಮುರಿದುಬಿತ್ತು.

ಮರಣದಂಡನೆಗೆ ಜುಲೈ 10 ನಿಗದಿಯಾಗಿತ್ತು. ಅದು ತಪ್ಪಿದ್ದು ಮೇಲ್ಮನವಿಯಿಂದ, ಮತ್ತು ಆ ಮೇಲ್ಮನವಿ ಸಾಧ್ಯವಾದದ್ದು ಹೊರಗಿನವರ ಹೋರಾಟದಿಂದ. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದ ಇಂಟರ್‌ನ್ಯಾಷನಲ್ ಲೇಬರ್ ಡಿಫೆನ್ಸ್ ಎಂಬ ಸಂಸ್ಥೆ ಪ್ರಕರಣವನ್ನು ಕೈಗೆತ್ತಿಕೊಂಡು ಯುರೋಪಿನವರೆಗೂ ಪ್ರತಿಭಟನೆ ಹಬ್ಬಿಸಿತು. ಕಪ್ಪು ಜನರ ಹಕ್ಕುಗಳ ಹಳೆಯ ಸಂಸ್ಥೆಯಾದ ಎನ್‌ಎಎಸಿಪಿ ಜೊತೆಗೆ ಆರೋಪಿಗಳ ವಕಾಲತ್ತಿಗಾಗಿ ಅದು ನಡೆಸಿದ ಜಟಾಪಟಿ ಬೇರೆಯದೇ ಕಥೆ. 1932ರ ಮಾರ್ಚ್‌ನಲ್ಲಿ ಅಲಬಾಮಾ ಸುಪ್ರೀಂ ಕೋರ್ಟ್, ಬಾಲಕನೆಂಬ ಕಾರಣಕ್ಕೆ ಯೂಜಿನ್ ವಿಲಿಯಮ್ಸ್‌ನೊಬ್ಬನಿಗೆ ಮರುವಿಚಾರಣೆ ಕೊಟ್ಟು ಉಳಿದ ಏಳು ಮಂದಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಜಾನ್ ಆಂಡರ್ಸನ್ ಒಬ್ಬರೇ ಇದು ನ್ಯಾಯಸಮ್ಮತ ವಿಚಾರಣೆಯಲ್ಲವೆಂದು ಭಿನ್ನಮತ ಬರೆದರು.

ಮೇಲ್ಮನವಿಯ ಸ್ವಭಾವವನ್ನು ಇಲ್ಲಿ ತಿಳಿದುಕೊಳ್ಳದಿದ್ದರೆ ಮುಂದಿನದೆಲ್ಲ ಗೊಂದಲವಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಘಟನೆ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆ ಜೂರಿಗೆ ಸೇರಿದ್ದು; ಮೇಲಿನ ನ್ಯಾಯಾಲಯ ಸಾಮಾನ್ಯವಾಗಿ ಆ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ವಿಚಾರಣೆ ನಡೆದ ರೀತಿ ಸಂವಿಧಾನಕ್ಕೆ ಒಪ್ಪುವಂತಿತ್ತೇ ಎಂಬುದನ್ನಷ್ಟೇ ಅದು ನೋಡುತ್ತದೆ. ಕ್ರಮ ತಪ್ಪಿದ್ದರೆ ತೀರ್ಪನ್ನು ರದ್ದುಮಾಡಿ ಪ್ರಕರಣವನ್ನು ಅದೇ ರಾಜ್ಯಕ್ಕೆ, ಬಹುಪಾಲು ಅದೇ ಜನರ ಕೈಗೆ ವಾಪಸು ಕಳುಹಿಸುತ್ತದೆ. ಹೀಗಾಗಿ ನಿರಪರಾಧಿಯೊಬ್ಬ ತಾನು ನಿರಪರಾಧಿಯೆಂದು ಮೇಲಿನ ನ್ಯಾಯಾಲಯದಲ್ಲಿ ವಾದಿಸುವುದಕ್ಕಿಂತ ತನಗೆ ವಕೀಲರಿರಲಿಲ್ಲವೆಂದು ವಾದಿಸುವುದು ಲಾಭಕರವಾಗುತ್ತದೆ. ಇದು ವಿಚಿತ್ರವೆನಿಸಬಹುದು, ಆದರೆ ಸ್ಕಾಟ್ಸ್‌ಬರೋ ಹುಡುಗರ ಬದುಕನ್ನು ಅಳೆದದ್ದು ಇದೇ ಅಳತೆಗೋಲು.

1932ರ ನವೆಂಬರ್ 7ರಂದು ಅಮೆರಿಕದ ಸುಪ್ರೀಂ ಕೋರ್ಟ್ ಪೊವೆಲ್ ವಿರುದ್ಧ ಅಲಬಾಮಾ ಪ್ರಕರಣದಲ್ಲಿ 7–2ರ ಬಹುಮತದಿಂದ ಶಿಕ್ಷೆಗಳನ್ನು ರದ್ದುಪಡಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಪ್ರಗತಿಪರರೆಂದು ಹೆಸರಾದವರೇನಲ್ಲ. ಆ ಪೀಠದ ಸಂಪ್ರದಾಯವಾದಿಗಳ ಗುಂಪಿಗೆ ಸೇರಿದವರು. ಓದುಬರಹ ಬಲ್ಲ ಬುದ್ಧಿವಂತನಿಗೂ ಕಾನೂನಿನ ಪಟ್ಟುಗಳು ತಿಳಿದಿರುವುದಿಲ್ಲ, ಹಾಗಿರುವಾಗ ಪರಸ್ಥಳದ, ಅನಕ್ಷರಸ್ಥ, ಮನೆಯವರಿಂದ ದೂರವಿರುವ, ಸುತ್ತಲೂ ದ್ವೇಷ ತುಂಬಿರುವ ಊರಿನಲ್ಲಿ ಪ್ರಾಣದ ಪ್ರಶ್ನೆ ಎದುರಿಸುತ್ತಿರುವ ಹುಡುಗರಿಗೆ ವಕೀಲರನ್ನು ಹೆಸರಿಗಷ್ಟೇ ಒದಗಿಸಿದರೆ ಅದು ಒದಗಿಸಿದಂತಲ್ಲ ಎಂಬುದು ಅವರ ತರ್ಕ. ಮರಣದಂಡನೆಯ ಪ್ರಕರಣದಲ್ಲಿ ಪರಿಣಾಮಕಾರಿಯಾದ ವಕೀಲರ ನೆರವನ್ನು ರಾಜ್ಯಗಳೂ ಒದಗಿಸಲೇಬೇಕೆಂದು ಆ ನ್ಯಾಯಾಲಯ ಹೇಳಿದ್ದು ಅದೇ ಮೊದಲು. ಎಲ್ಲ ಗಂಭೀರ ಅಪರಾಧಗಳಿಗೂ ಆ ಹಕ್ಕು ವಿಸ್ತರಿಸಲು 1963ರ ಗಿಡಿಯನ್ ತೀರ್ಪಿನವರೆಗೆ ಕಾಯಬೇಕಾಯಿತು. ಹೊರಗಿನ ಗುಂಪಿನ ಒತ್ತಡ ಮತ್ತು ಜೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದು ಎಂಬ ಇನ್ನೆರಡು ಆಕ್ಷೇಪಗಳೂ ಅರ್ಜಿಯಲ್ಲಿದ್ದವು. ನ್ಯಾಯಾಲಯ ಅವನ್ನು ಮುಟ್ಟಲಿಲ್ಲ.

ಮರುವಿಚಾರಣೆ 1933ರ ವಸಂತದಲ್ಲಿ ಡೆಕೇಟರ್ ಪಟ್ಟಣದಲ್ಲಿ ನಡೆಯಿತು. ಈ ಬಾರಿ ವಕೀಲರಿದ್ದರು, ಅದೂ ನ್ಯೂಯಾರ್ಕಿನ ಅತ್ಯಂತ ಹೆಸರಾಂತ ಕ್ರಿಮಿನಲ್ ವಕೀಲರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಲೀಬೊವಿಟ್ಸ್. ಅವರು ಆ ಗೂಡ್ಸ್ ರೈಲಿನ ಮಾದರಿಯೊಂದನ್ನು ನ್ಯಾಯಾಲಯಕ್ಕೆ ತರಿಸಿ, ಯಾವ ಬಂಡಿಯಲ್ಲಿ ಯಾರಿದ್ದರು ಎಂಬುದನ್ನು ಒಂದೊಂದಾಗಿ ಕೆದಕಿದರು. ಪ್ರೈಸ್ ಹಿಂದಿನ ರಾತ್ರಿ ತಾನು ತಂಗಿದ್ದೆನೆಂದು ಹೇಳಿದ ವಸತಿಗೃಹ ಚಟ್ಟನೂಗಾದಲ್ಲಿ ಇರಲೇ ಇಲ್ಲ. ಘಟನೆಯಾಯಿತೆನ್ನಲಾದ ಒಂದೆರಡು ಗಂಟೆಗಳಲ್ಲೇ ಇಬ್ಬರನ್ನೂ ಪರೀಕ್ಷಿಸಿದ್ದ ಡಾಕ್ಟರ್ ಬ್ರಿಜಸ್, ಪ್ರಾಸಿಕ್ಯೂಷನ್ನಿನ ಸಾಕ್ಷಿಯಾಗಿ ಬಂದು, ಆರೋಪಕ್ಕೆ ಹೊಂದುವ ಗಾಯಗಳಿರಲಿಲ್ಲವೆಂದೂ ಇಬ್ಬರೂ ಶಾಂತವಾಗಿದ್ದರೆಂದೂ, ಕಂಡುಬಂದ ವೀರ್ಯಾಣುಗಳು ನಿಶ್ಚಲವಾಗಿದ್ದವೆಂದೂ ಒಪ್ಪಿಕೊಂಡರು. ಕೊನೆಗೆ ರೂಬಿ ಬೇಟ್ಸ್ ಆರೋಪಿಗಳ ಪರ ಸಾಕ್ಷಿಯಾಗಿ ಬಂದು, ಅತ್ಯಾಚಾರವೇ ನಡೆದಿಲ್ಲ, ಪ್ರೈಸ್ ಹೇಳಿಕೊಟ್ಟಂತೆ ತಾನು ಹೇಳಿದೆ ಎಂದಳು.

ಇಷ್ಟಾದ ಮೇಲೂ ಬಿಳಿಯರ ಜೂರಿ ಪ್ಯಾಟರ್ಸನ್ ದೋಷಿ ಎಂದಿತು, ಮರಣದಂಡನೆಯನ್ನೇ ಕೊಟ್ಟಿತು. ಅಂತಿಮ ವಾದದಲ್ಲಿ ಸರ್ಕಾರದ ಪರವಾಗಿದ್ದ ವಕೀಲರೊಬ್ಬರು, ಅಲಬಾಮಾದ ನ್ಯಾಯವನ್ನು ನ್ಯೂಯಾರ್ಕಿನ ಯಹೂದಿ ಹಣದಿಂದ ಕೊಳ್ಳಲಾಗದೆಂದು ತೋರಿಸಿಕೊಡಿ ಎಂದು ಜೂರಿಗೆ ಕರೆಕೊಟ್ಟಿದ್ದರು. ಪೊವೆಲ್ ತೀರ್ಪು ಕೊಡಿಸಿದ ಹಕ್ಕು ಪೂರ್ತಿಯಾಗಿ ಪಾಲನೆಯಾಗಿತ್ತು. ವಕೀಲರ ಗುಣಮಟ್ಟದ ಬಗ್ಗೆ ದೂರುವಂತಿರಲಿಲ್ಲ. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಬದಲಾಯಿಸಿದ್ದು ನ್ಯಾಯಾಧೀಶ ಜೇಮ್ಸ್ ಎಡ್ವಿನ್ ಹಾರ್ಟನ್. ಜೂನ್ 22ರಂದು ಅವರು ಜೂರಿಯ ತೀರ್ಪನ್ನು ತಳ್ಳಿಹಾಕಿದರು. ಈ ಇಡೀ ಪ್ರಕರಣದಲ್ಲಿ ಸಾಕ್ಷ್ಯವನ್ನೇ ಎದುರಿಗಿಟ್ಟುಕೊಂಡು, ಇದು ನಂಬುವಂಥದಲ್ಲವೆಂದು ಬರೆದ ನ್ಯಾಯಾಲಯದ ಆದೇಶವೆಂದರೆ ಇದೊಂದೇ. ಮೊನಚಾದ ಕಲ್ಲುಜಲ್ಲಿ ತುಂಬಿದ ಬಂಡಿಯ ಮೇಲೆ ಆರು ಜನರು ಪ್ರೈಸ್‌ಳನ್ನು ಬಲಾತ್ಕರಿಸಿದ್ದರೆ ಬೆನ್ನಿನ ಮೇಲೆ ಅದರ ಗುರುತು ಎಲ್ಲಿ, ಪಿಸ್ತೂಲಿನ ಹಿಡಿಯಿಂದ ತಲೆಗೆ ಹೊಡೆದಿದ್ದರೆ ಗಾಯವೆಲ್ಲಿ, ಹಾಡುಹಗಲಲ್ಲಿ ಊರುಗಳ ನಡುವೆ ಸಾಗುವ ತೆರೆದ ಬಂಡಿಯಲ್ಲಿ ಇದು ಹೇಗೆ ಸಾಧ್ಯ ಎಂಬ ಸಾಮಾನ್ಯ ವಿವೇಕದ ಪ್ರಶ್ನೆಗಳನ್ನೇ ಅವರು ಕ್ರಮವಾಗಿ ಕೇಳುತ್ತ ಹೋದರು. ಅಲಬಾಮಾದಲ್ಲಿ ನ್ಯಾಯಾಧೀಶರನ್ನು ಜನ ಮತ ಹಾಕಿ ಆರಿಸುತ್ತಾರೆ. 1934ರ ಚುನಾವಣೆಯಲ್ಲಿ ಹಾರ್ಟನ್ ಸೋತರು, ಮತ್ತೆ ಪೀಠಕ್ಕೆ ಬರಲಿಲ್ಲ. ಅದೇ ವರ್ಷ, ಪ್ರಾಸಿಕ್ಯೂಷನ್ ನಡೆಸಿದ್ದ ಅಟಾರ್ನಿ ಜನರಲ್ ಥಾಮಸ್ ನೈಟ್ ರಾಜ್ಯದ ಉಪ ರಾಜ್ಯಪಾಲರಾಗಿ ಆಯ್ಕೆಯಾದರು. ಹಿಂದೆ ಅಲಬಾಮಾ ಸುಪ್ರೀಂ ಕೋರ್ಟಿನಲ್ಲಿ ಶಿಕ್ಷೆಯನ್ನು ಎತ್ತಿಹಿಡಿದ ಪೀಠದಲ್ಲಿ ಅವರ ತಂದೆಯೂ ಇದ್ದರು ಎಂಬುದನ್ನು ಹೇಳದೆ ಇರಲಾಗದು.

ಪ್ರಕರಣ ವಿಲಿಯಂ ಕ್ಯಾಲಹನ್ ಎಂಬ ಮತ್ತೊಬ್ಬ ನ್ಯಾಯಾಧೀಶರ ಕೈಗೆ ಹೋಯಿತು. ಬಿಳಿಯ ಹೆಂಗಸು ಕಪ್ಪು ಗಂಡಸಿಗೆ ಒಪ್ಪಿ ಒಡಗೂಡಿರಲಾರಳೆಂಬ ಬಲವಾದ ಊಹೆಯನ್ನು ಕಾನೂನೇ ಮಾಡಿಕೊಳ್ಳುತ್ತದೆ ಎಂದು ಅವರು ಜೂರಿಗೆ ತಿಳಿಸಿದರು. ಪ್ಯಾಟರ್ಸನ್‌ನನ್ನು ದೋಷಿಯೆಂದು ಬರೆಯುವ ಕ್ರಮವನ್ನು ವಿವರಿಸಿ, ನಿರ್ದೋಷಿಯೆಂದು ಬರೆಯುವುದು ಹೇಗೆಂದು ಹೇಳುವುದನ್ನು ಮರೆತರು, ಲೀಬೊವಿಟ್ಸ್ ನೆನಪಿಸಬೇಕಾಯಿತು. 1933ರ ಡಿಸೆಂಬರ್ ವೇಳೆಗೆ ಪ್ಯಾಟರ್ಸನ್ ಮತ್ತು ನಾರಿಸ್ ಇಬ್ಬರಿಗೂ ಮತ್ತೆ ಮರಣದಂಡನೆಯಾಯಿತು.

ಲೀಬೊವಿಟ್ಸ್ ಅಷ್ಟರಲ್ಲಿ ಮೂಲ ರೋಗವನ್ನು ಗುರುತಿಸಿದ್ದರು. ಆ ಹನ್ನೆರಡು ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂಬುದು ಬದಲಾಗದೆ ಯಾವ ಸಾಕ್ಷ್ಯವೂ ಉಪಯೋಗಕ್ಕೆ ಬಾರದು. ಭಾರತದಲ್ಲಿ ಜೂರಿ ಪದ್ಧತಿ ಮರೆಯಾಗಿ ಬಹುಕಾಲವಾಯಿತು. 1959ರ ನಾನಾವತಿ ಪ್ರಕರಣದ ನೆಪದಲ್ಲಿ ಮಾತ್ರ ನಮಗೆ ಅದರ ನೆನಪಾಗುತ್ತದೆ. ಆದರೆ ಜೂರಿಯ ಬಣ್ಣ ತೀರ್ಪಿನ ಬಣ್ಣವೂ ಆಗುತ್ತದೆಂಬುದನ್ನು ಬ್ರಿಟಿಷ್ ಭಾರತವೂ ಚೆನ್ನಾಗಿ ಬಲ್ಲದಾಗಿತ್ತು. 1883ರಲ್ಲಿ ಇಲ್ಬರ್ಟ್ ಮಸೂದೆ ಜಿಲ್ಲೆಗಳಲ್ಲಿ ಯುರೋಪಿಯನ್ ಆರೋಪಿಗಳನ್ನು ವಿಚಾರಿಸುವ ಅಧಿಕಾರವನ್ನು ಭಾರತೀಯ ನ್ಯಾಯಾಧೀಶರಿಗೂ ಕೊಡಹೊರಟಾಗ ಎದ್ದ ಗದ್ದಲಕ್ಕೆ ಕೊನೆಗೆ ಸಿಕ್ಕ ರಾಜಿ ಏನೆಂದರೆ, ಯುರೋಪಿಯನ್ ಆರೋಪಿಯು ಕನಿಷ್ಠ ಅರ್ಧದಷ್ಟು ಯುರೋಪಿಯನ್ನರೋ ಅಮೆರಿಕನ್ನರೋ ಇರುವ ಜೂರಿಯನ್ನು ಕೇಳಬಹುದೆಂಬುದು. ತಮ್ಮವರಿಲ್ಲದ ಜೂರಿಯನ್ನು ನಂಬಲಾಗದೆಂದು ಆಳುವವರೇ ಒಪ್ಪಿಕೊಂಡಂತಾಗಿತ್ತು.

ಅಮೆರಿಕದಲ್ಲಿ ಕಪ್ಪು ಜನರನ್ನು ಜೂರಿಯಿಂದ ಹೊರಗಿಡುವ ಕಾನೂನು ಅಸಿಂಧುವೆಂದು ಸುಪ್ರೀಂ ಕೋರ್ಟ್ 1880ರಲ್ಲೇ ಹೇಳಿತ್ತು. ಆದ್ದರಿಂದ 1930ರ ಅಲಬಾಮಾದಲ್ಲಿ ಅಂಥ ಕಾನೂನು ಇರಲಿಲ್ಲ. ಪ್ರಾಮಾಣಿಕರೂ ಬುದ್ಧಿವಂತರೂ ಸದ್ವಿವೇಕಿಗಳೂ ಎಂದು ಹೆಸರಾದ ಗಂಡಸರನ್ನು ಜೂರಿ ಪಟ್ಟಿಗೆ ಸೇರಿಸಬೇಕೆಂಬ, ಯಾರೂ ಆಕ್ಷೇಪಿಸಲಾಗದ ನಿಯಮವಷ್ಟೇ ಇತ್ತು. ಯಾರು ಹಾಗೆ ಹೆಸರಾದವರು ಎಂಬುದನ್ನು ನಿರ್ಧರಿಸುವವರು ಜೂರಿ ಕಮಿಷನರುಗಳು. ಸ್ಕಾಟ್ಸ್‌ಬರೋ ಇರುವ ಜಾಕ್ಸನ್ ಕೌಂಟಿಯಲ್ಲಿ 1930ರಲ್ಲಿ 36,881 ಜನಸಂಖ್ಯೆಯಿದ್ದು, ಅದರಲ್ಲಿ 2,688 ಮಂದಿ ಕಪ್ಪು ಜನ. ವಯಸ್ಕ ಗಂಡಸರು 8,801, ಅವರಲ್ಲಿ 666 ಮಂದಿ ಕಪ್ಪು ಜನ. ಅವರಲ್ಲಿ ಒಬ್ಬನೇ ಒಬ್ಬ ಜೂರಿಯಲ್ಲಿ ಕುಳಿತದ್ದನ್ನು ಊರಿನ ಹಿರಿಯರು ಯಾರೂ ನೆನಪಿಸಿಕೊಳ್ಳಲಾರದೆ ಹೋದರು. ಕಾರಣ ಕೇಳಿದಾಗ ಬಂದ ಉತ್ತರ, ಅವರ್‍ಯಾರಲ್ಲೂ ಬೇಕಾದ ಯೋಗ್ಯತೆ ಕಾಣಲಿಲ್ಲವೆಂಬುದು. ಲೀಬೊವಿಟ್ಸ್ ಕಪ್ಪು ಜನಾಂಗದ ಪದವೀಧರರನ್ನು, ತೆರಿಗೆ ಕಟ್ಟುವ ಮನೆ-ಜಮೀನುದಾರರನ್ನು ಒಬ್ಬೊಬ್ಬರಾಗಿ ಕರೆಸಿ ಸಾಕ್ಷಿ ನುಡಿಸಿದರು. ಜೂರಿ ಪಟ್ಟಿಯ ಪುಸ್ತಕವನ್ನು ತರಿಸಿದಾಗ ಅದರಲ್ಲಿ ಆರು ಕಪ್ಪು ಜನರ ಹೆಸರುಗಳಿದ್ದವು. ಪಟ್ಟಿ ಸಿದ್ಧವಾದ ಮೇಲೆ ಎಳೆದಿದ್ದ ಕೆಂಪು ಗೆರೆಗಳ ಮೇಲೆ ಆ ಹೆಸರುಗಳನ್ನು ಬರೆಯಲಾಗಿದೆಯೆಂದು ಕೈಬರಹದ ತಜ್ಞರು ಹೇಳಿದರು. ಅಂದರೆ ಹೆಸರುಗಳು ಆಮೇಲೆ ತುರುಕಿದವು.

ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದಾಗ ಆ ಪುಸ್ತಕವನ್ನೇ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಅವರು ಭೂತಗನ್ನಡಿ ಹಿಡಿದು ಗೆರೆಗಳನ್ನು ಪರೀಕ್ಷಿಸಿದರು. 1935ರ ಏಪ್ರಿಲ್ 1ರಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ನಾರಿಸ್ ವಿರುದ್ಧ ಅಲಬಾಮಾ ತೀರ್ಪನ್ನು ಓದಿದರು. ಕಾನೂನಿನ ಅಕ್ಷರ ಶುದ್ಧವಾಗಿದ್ದರೆ ಸಾಲದು, ಅದು ಆಚರಣೆಯಲ್ಲಿ ಏನು ಮಾಡಿದೆಯೆಂದು ನೋಡಬೇಕು. ತಲೆಮಾರುಗಳ ಕಾಲ ಒಬ್ಬ ಕಪ್ಪು ವ್ಯಕ್ತಿಯೂ ಆಯ್ಕೆಯಾಗದಿರುವುದೇ ತಾರತಮ್ಯಕ್ಕೆ ಸಾಕ್ಷ್ಯ ಎಂಬುದು ತೀರ್ಪಿನ ಸಾರ.

ಇದರ ಮುಂದಿನ ಬೆಳವಣಿಗೆ ನನಗೆ ಈ ಪ್ರಕರಣದಲ್ಲೇ ಅತ್ಯಂತ ಬೋಧಪ್ರದವೆನಿಸುವ ಭಾಗ. ಅಲಬಾಮಾ ತೀರ್ಪನ್ನು ಪಾಲಿಸಿತು. ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ಹೊಸ ಗ್ರ್ಯಾಂಡ್ ಜೂರಿಯಲ್ಲಿ ಒಬ್ಬ ಕಪ್ಪು ಸದಸ್ಯನನ್ನು ಕೂರಿಸಲಾಯಿತು. ಆರೋಪ ಹೊರಿಸಲು ಮೂರನೆಯ ಎರಡು ಭಾಗ ಮತ ಸಾಕಾದ್ದರಿಂದ ಅವನೊಬ್ಬನ ಮತಕ್ಕೆ ಬೆಲೆಯಿರಲಿಲ್ಲ. 1936ರ ಜನವರಿಯಲ್ಲಿ ಪ್ಯಾಟರ್ಸನ್‌ನ ನಾಲ್ಕನೆಯ ವಿಚಾರಣೆಗೆ ಕರೆಸಿದ ನೂರು ಮಂದಿಯಲ್ಲಿ ಹನ್ನೆರಡು ಕಪ್ಪು ಜನರಿದ್ದರು. ಕೆಲವರು ತಾವೇ ವಿನಾಯಿತಿ ಕೇಳಿ ಹೊರಟರು, ಉಳಿದವರನ್ನು ಸರ್ಕಾರಿ ವಕೀಲರು ಕಾರಣ ಕೊಡದೆ ತಿರಸ್ಕರಿಸುವ ತಮ್ಮ ಹಕ್ಕನ್ನು ಬಳಸಿ ತೆಗೆದುಹಾಕಿದರು. ಜೂರಿ ಮತ್ತೆ ಪೂರ್ತಿ ಬಿಳಿಯರದೇ ಆಯಿತು. ಒಂದು ಕಂಡಿಗೆ ಮಣ್ಣು ಹಾಕಿದರೆ ನೀರು ಪಕ್ಕದ ಕಂಡಿಯನ್ನು ಹುಡುಕಿಕೊಳ್ಳುವಂತೆ, ಪಟ್ಟಿಯಲ್ಲಿ ಮುಚ್ಚಿದ ದಾರಿ ತಿರಸ್ಕಾರದ ಹಕ್ಕಿನಲ್ಲಿ ತೆರೆದುಕೊಂಡಿತ್ತು. ಪ್ಯಾಟರ್ಸನ್‌ಗೆ ಈ ಸಲ 75 ವರ್ಷದ ಸೆರೆಯಾಯಿತು.

ಆ ಎರಡನೆಯ ಕಂಡಿಯನ್ನು ಮುಚ್ಚುವ ಪ್ರಯತ್ನಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು. 1965ರಲ್ಲಿ ಅಲಬಾಮಾದ್ದೇ ಆದ ಸ್ವೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಪ್ರಶ್ನಿಸುವುದನ್ನು ಬಹುತೇಕ ಅಸಾಧ್ಯಗೊಳಿಸಿತ್ತು. 1986ರ ಬ್ಯಾಟ್ಸನ್ ತೀರ್ಪಿನಲ್ಲಿ, ಸರ್ಕಾರಿ ವಕೀಲರು ಕಪ್ಪು ಸದಸ್ಯರನ್ನು ತೆಗೆದುಹಾಕಿದ್ದಕ್ಕೆ ಜನಾಂಗಕ್ಕೆ ಸಂಬಂಧಿಸದ ಕಾರಣ ಕೊಡಬೇಕೆಂದು ಅದು ಹೇಳಿತು. ಕಾರಣ ಕೊಡುವುದು ಅಷ್ಟೇನೂ ಕಷ್ಟವಲ್ಲ. ಮಿಸಿಸಿಪಿಯ ಕರ್ಟಿಸ್ ಫ್ಲವರ್ಸ್ ಒಂದೇ ಆರೋಪಕ್ಕೆ ಆರು ಸಲ ವಿಚಾರಣೆ ಎದುರಿಸಿದರು. ಆರರಲ್ಲೂ ಒಬ್ಬನೇ ಪ್ರಾಸಿಕ್ಯೂಟರ್, ತಾನು ತೆಗೆದುಹಾಕಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ತೆಗೆದುಹಾಕಿದ್ದ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿತು. 2020ರಲ್ಲಿ ಆರೋಪವನ್ನೇ ಕೈಬಿಡಲಾಯಿತು.

ಇದೇ ಕಾಲದ ಇನ್ನೊಂದು ಪ್ರಕರಣ ತಪ್ಪೊಪ್ಪಿಗೆಯ ಹಂತವನ್ನು ತೋರಿಸುತ್ತದೆ. 1934ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯ ರೈತನೊಬ್ಬನ ಕೊಲೆಯಾದಾಗ ಮೂವರು ಕಪ್ಪು ಗೇಣಿದಾರರನ್ನು ಹಿಡಿದು, ಒಬ್ಬನನ್ನು ಮರಕ್ಕೆ ನೇತುಹಾಕಿ ಇಳಿಸಿ, ಎಲ್ಲರನ್ನೂ ಚರ್ಮದ ಪಟ್ಟಿಯಿಂದ ಬಾರಿಸಿ, ಬೇಕಾದ ಮಾತುಗಳೆಲ್ಲ ಬಾಯಿಂದ ಬರುವವರೆಗೂ ಹೊಡೆಯಲಾಯಿತು. ವಾರದೊಳಗೆ ಮರಣದಂಡನೆಯಾಯಿತು. ವಿಚಾರಣೆಯಲ್ಲಿ ಹಗ್ಗದ ಗುರುತು ಆರೋಪಿಯ ಕುತ್ತಿಗೆಯಲ್ಲಿ ಎದ್ದು ಕಾಣುತ್ತಿತ್ತು. ಹೊಡೆದ ಅಧಿಕಾರಿ ಅದನ್ನು ನಿರಾಕರಿಸಲೂ ಇಲ್ಲ, ಕಪ್ಪು ಮನುಷ್ಯನಿಗೆ ಅದೇನೂ ಹೆಚ್ಚಾಗಲಿಲ್ಲವೆಂದ. ಬ್ರೌನ್ ವಿರುದ್ಧ ಮಿಸಿಸಿಪಿ ಎಂದು ಹೆಸರಾದ ಈ ಪ್ರಕರಣದಲ್ಲಿ 1936ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಗಳನ್ನು ಸರ್ವಾನುಮತದಿಂದ ರದ್ದುಮಾಡಿತು. ಆದರೂ ಆ ಮೂವರು ಬಿಡುಗಡೆಯಾಗಿ ಮನೆಗೆ ಹೋಗಲಿಲ್ಲ. ಮತ್ತೊಂದು ಜೂರಿಯನ್ನು ಎದುರಿಸುವ ಧೈರ್ಯ ಸಾಲದೆ, ಕಡಿಮೆ ಆರೋಪಕ್ಕೆ ವಿರೋಧ ತೋರದೆ ಸೆರೆವಾಸ ಅನುಭವಿಸಿದರು. ಅಲ್ಲಿ ಪ್ರಾಸಿಕ್ಯೂಷನ್ ನಡೆಸಿದ ಜಾನ್ ಸ್ಟೆನಿಸ್ ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಮೆರಿಕದ ಸೆನೆಟ್ ಸದಸ್ಯರಾಗಿದ್ದರು.

ಸ್ಕಾಟ್ಸ್‌ಬರೋ ಪ್ರಕರಣ 1937ರ ಜುಲೈನಲ್ಲಿ ಮುಗಿದ ರೀತಿ ಅದರ ಆರಂಭಕ್ಕಿಂತಲೂ ವಿಚಿತ್ರವಾಗಿದೆ. ನಾರಿಸ್‌ಗೆ ಮರಣದಂಡನೆ, ಆಂಡಿ ರೈಟ್‌ಗೆ 99 ವರ್ಷ, ವೀಮ್ಸ್‌ಗೆ 75 ವರ್ಷ. ಹಿಂದಿನ ವರ್ಷ ಬೆಂಗಾವಲಿನ ಅಧಿಕಾರಿಯೊಬ್ಬನಿಗೆ ಚಾಕು ಹಾಕಿ, ತಲೆಗೆ ಗುಂಡೇಟು ತಿಂದು ಮೆದುಳಿಗೆ ಶಾಶ್ವತ ಹಾನಿ ಮಾಡಿಕೊಂಡಿದ್ದ ಓಜಿ ಪೊವೆಲ್‌ಗೆ ಆ ಹಲ್ಲೆಗಾಗಿ 20 ವರ್ಷ. ಅತ್ಯಾಚಾರದ ಆರೋಪ ಮಾತ್ರ ಕೈಬಿಟ್ಟರು. ಉಳಿದ ನಾಲ್ವರ ಮೇಲಿನ ಆರೋಪವನ್ನೂ ಅದೇ ದಿನಗಳಲ್ಲಿ ಹಿಂತೆಗೆದುಕೊಂಡರು. ಕಣ್ಣು ಕಾಣದ ಮಾಂಟ್‌ಗೊಮೆರಿ ಮತ್ತು ರೋಗಪೀಡಿತನಾದ ರಾಬರ್ಸನ್ ಅಪರಾಧ ಮಾಡಿಲ್ಲವೆಂದು ತಮಗೆ ಮನವರಿಕೆಯಾಗಿದೆ, ಇನ್ನಿಬ್ಬರು ಆಗ ಚಿಕ್ಕ ಮಕ್ಕಳಾಗಿದ್ದರು ಎಂದು ಪ್ರಾಸಿಕ್ಯೂಷನ್ ಸಮಜಾಯಿಷಿ ಕೊಟ್ಟಿತು. ಪ್ರೈಸ್‌ಳ ಆರೋಪ ಒಂಬತ್ತು ಮಂದಿಯ ಮೇಲೂ ಇತ್ತು. ಇಬ್ಬರ ವಿಷಯದಲ್ಲಿ ಅವಳ ಮಾತು ನಿಜವಲ್ಲವೆಂದು ಸರ್ಕಾರವೇ ಒಪ್ಪಿದ ಮೇಲೆ, ಅದೇ ಬಾಯಿಂದ ಬಂದ ಅದೇ ಮಾತಿನ ಆಧಾರದ ಮೇಲೆ ಇನ್ನೊಬ್ಬನಿಗೆ ವಿದ್ಯುತ್ ಕುರ್ಚಿ ಹೇಗೆ ಎಂಬ ಪ್ರಶ್ನೆಗೆ ಯಾವ ನ್ಯಾಯಾಲಯವೂ ಉತ್ತರಿಸಬೇಕಾಗಿ ಬರಲಿಲ್ಲ. ಇದು ನ್ಯಾಯನಿರ್ಣಯವಾಗಿರಲಿಲ್ಲ, ಹೊರಗಿನ ಒತ್ತಡಕ್ಕೂ ಒಳಗಿನ ಮಾನಕ್ಕೂ ಸರಿಯಾಗಿ ಅರ್ಧಕ್ಕರ್ಧ ಹಂಚಿದ ರಾಜಿಯಾಗಿತ್ತು.

1938ರಲ್ಲಿ ರಾಜ್ಯಪಾಲ ಬಿಬ್ ಗ್ರೇವ್ಸ್ ನಾರಿಸ್‌ನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರು, ಆದರೆ ಯಾರಿಗೂ ಕ್ಷಮಾದಾನ ಕೊಡಲಿಲ್ಲ. ವೀಮ್ಸ್ 1943ರಲ್ಲಿ ಪೆರೋಲ್ ಮೇಲೆ ಹೊರಬಂದ. ಪ್ಯಾಟರ್ಸನ್ 1948ರಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಮಿಷಿಗನ್ ಸೇರಿದ. ಅವನನ್ನು ಅಲಬಾಮಾಕ್ಕೆ ಒಪ್ಪಿಸಲು ಅಲ್ಲಿನ ರಾಜ್ಯಪಾಲರು ನಿರಾಕರಿಸಿದರು. ಮತ್ತೊಂದು ಪ್ರಕರಣದಲ್ಲಿ ಸೆರೆಯಲ್ಲಿದ್ದಾಗ 1952ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಆಂಡಿ ರೈಟ್ ಕೊನೆಯವನಾಗಿ 1950ರಲ್ಲಿ ಅಲಬಾಮಾದ ಸೆರೆಯಿಂದ ಹೊರಬಂದ. ರೈಲಿನಿಂದ ಇಳಿಸಿ ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ನಾರಿಸ್ 1946ರಲ್ಲಿ ಪೆರೋಲ್ ಮುರಿದು ಉತ್ತರಕ್ಕೆ ಹೋಗಿ, ತನ್ನ ಸಹೋದರನ ಹೆಸರಿನಲ್ಲಿ ಬಾಳಿದ. 1976ರಲ್ಲಿ ಅವನಿಗೆ ಕ್ಷಮಾದಾನ ದೊರೆತಾಗ ಅದಕ್ಕೆ ಸಹಿ ಹಾಕಿದ್ದು, ಕಪ್ಪು ಬಿಳಿಯರ ಪ್ರತ್ಯೇಕತೆ ಎಂದೆಂದಿಗೂ ಉಳಿಯಲೆಂದು ಹಿಂದೊಮ್ಮೆ ಗುಡುಗಿದ್ದ ರಾಜ್ಯಪಾಲ ಜಾರ್ಜ್ ವಾಲೆಸ್.

ಇವೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ತಪ್ಪು ಶಿಕ್ಷೆಗಳಿಂದ ಮುಕ್ತರಾದವರ ದಾಖಲೆ ಇಡುವ ಅಮೆರಿಕದ ರಾಷ್ಟ್ರೀಯ ನೋಂದಣಿಯ 2022ರ ವರದಿಯ ಪ್ರಕಾರ, ಜನಸಂಖ್ಯೆಯಲ್ಲಿ ಶೇ. 14ನ್ನೂ ಮುಟ್ಟದ ಕಪ್ಪು ಜನರು ಹೀಗೆ ಮುಕ್ತರಾದವರಲ್ಲಿ ಶೇ. 53ರಷ್ಟಿದ್ದಾರೆ. ಅತ್ಯಾಚಾರ ಪ್ರಕರಣಗಳಲ್ಲಿ ನಿರಪರಾಧಿ ಕಪ್ಪು ವ್ಯಕ್ತಿಗೆ ಶಿಕ್ಷೆಯಾಗುವ ಸಂಭವ ನಿರಪರಾಧಿ ಬಿಳಿಯನಿಗಿಂತ ಸುಮಾರು ಎಂಟು ಪಟ್ಟು ಹೆಚ್ಚೆಂದು ಅದು ಲೆಕ್ಕ ಹಾಕಿದೆ. ಬಿಳಿಯ ಸಂತ್ರಸ್ತೆಯರು ಕಪ್ಪು ಮುಖವನ್ನು ತಪ್ಪಾಗಿ ಗುರುತಿಸುವುದನ್ನು ಅದು ಪ್ರಮುಖ ಕಾರಣವಾಗಿ ಕಾಣುತ್ತದೆ. ಈ ಅಂಕಿಗಳು ತಪ್ಪು ಬಯಲಾದ ಪ್ರಕರಣಗಳದ್ದು. ಬಯಲಾಗದವು ಲೆಕ್ಕಕ್ಕೇ ಸಿಗುವುದಿಲ್ಲ.

ಪ್ಯಾಟರ್ಸನ್, ವೀಮ್ಸ್ ಮತ್ತು ಆಂಡಿ ರೈಟ್ ಅವರ ಮೇಲಿನ ದೋಷ ಮಾತ್ರ ಅವರು ಸತ್ತ ಮೇಲೂ ಕಡತದಲ್ಲಿ ಉಳಿದಿತ್ತು. ಸತ್ತವರಿಗೆ ಕ್ಷಮಾದಾನ ನೀಡಲು ಅಲಬಾಮಾದ ಕಾನೂನಿನಲ್ಲಿ ಅವಕಾಶವಿರಲಿಲ್ಲ. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಶಾಸನಸಭೆ ಅದಕ್ಕಾಗಿಯೇ ಕಾಯ್ದೆಯೊಂದನ್ನು ಮಾಡಿತು. ನವೆಂಬರ್ 21ರಂದು ಕ್ಷಮಾದಾನ ಮಂಡಳಿ ಮೂವರಿಗೂ ಒಮ್ಮತದಿಂದ ಕ್ಷಮಾದಾನ ಕೊಟ್ಟಿತು. ಜನಾಂಗ ತಾರತಮ್ಯದಿಂದ ಆದ ಶಿಕ್ಷೆಗಳಿಗೆ ಅನ್ವಯಿಸುವ ಆ ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಶಿಕ್ಷೆಯಾಗಿ ಕನಿಷ್ಠ 75 ವರ್ಷ ಕಳೆದಿರಬೇಕು. ಆ ಲೆಕ್ಕದಲ್ಲಿ, ಅಲಬಾಮಾದ ಬಿಳಿಯರ ಜೂರಿಯೊಂದು 1950ರಲ್ಲಿ ತಪ್ಪಾಗಿ ದೋಷಿಯೆಂದು ಹೇಳಿ ಆಮೇಲೆ ತೀರಿಕೊಂಡವನೊಬ್ಬನಿದ್ದರೆ, ಅವನ ಮೊಮ್ಮಕ್ಕಳು ಅರ್ಜಿ ಹಿಡಿದು ಮಂಡಳಿಯ ಮುಂದೆ ಹೋಗಲು 2025ರವರೆಗೆ ಕಾಯಬೇಕಾಗಿತ್ತು.